ಹಿಂದಿನ ಸೀಟಿನ ಇತಿಹಾಸ: ಅಮೆರಿಕದ ಬೈಕ್ ಕೂಟಗಳು, ಕಿರುತೆರೆ ಮತ್ತು ಮಹಿಳೆಯರು

ಅಮೆರಿಕದಲ್ಲಿ ಮೋಟಾರ್‌ಸೈಕಲ್ ಗಂಡಸರ ವಾಹನ, ಹೆಂಗಸಿಗೆ ಅದರ ಮೇಲೆ ಜಾಗವಿದ್ದರೆ ಅದು ಹಿಂದಿನ ಸೀಟಿನಲ್ಲಿ ಎಂಬ ನಂಬಿಕೆ ಅಷ್ಟೇನೂ ಹಳೆಯದಲ್ಲ. ಆ ವಾಹನದ ಮೊದಲ ದಶಕಗಳಲ್ಲಿ ಮಹಿಳೆಯರೂ ಹ್ಯಾಂಡಲ್ ಹಿಡಿದಿದ್ದರು. ಗೌರವ ಸಿಕ್ಕಿತೇ ಎಂಬುದು ಬೇರೆ ಮಾತು. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಮೋಟಾರ್‌ಸೈಕಲ್ ತಯಾರಿಸುತ್ತಿದ್ದ ವ್ಯಾಗ್ನರ್ ಕುಟುಂಬದ ಮಗಳು ಕ್ಲಾರಾ 1910ರಲ್ಲಿ ಶಿಕಾಗೋದಿಂದ ಇಂಡಿಯಾನಾಪೊಲಿಸ್‌ಗೆ ನಡೆದ ಸಹಿಷ್ಣುತಾ ಓಟವನ್ನು ಪೂರ್ತಿ ಅಂಕ ಗಳಿಸಿ ಮುಗಿಸಿದಳು. ಹೆಣ್ಣೆಂಬ ಕಾರಣಕ್ಕೆ ಸಂಘಟಕರು ಆ ಅಂಕವನ್ನು ಅಧಿಕೃತವೆಂದು ಒಪ್ಪಲಿಲ್ಲ. ಅವಳಿಗೆ ಚಿನ್ನದ ಪದಕವೊಂದನ್ನು ಮಾಡಿಸಿಕೊಟ್ಟವರು ಜೊತೆಯಲ್ಲಿ ಓಡಿದ ಸವಾರರೇ.

1916ರ ಜುಲೈಯಲ್ಲಿ ಆಗಸ್ಟಾ ಮತ್ತು ಅಡೆಲಿನ್ ವ್ಯಾನ್ ಬ್ಯೂರೆನ್ ಎಂಬ ಸೋದರಿಯರು ಎರಡು ಇಂಡಿಯನ್ ಮೋಟಾರ್‌ಸೈಕಲ್‌ಗಳಲ್ಲಿ ಬ್ರೂಕ್ಲಿನ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಯುದ್ಧ ಬಂದರೆ ಸೇನೆಯ ಸಂದೇಶ ಸಾಗಿಸುವ ಕೆಲಸವನ್ನು ಹೆಂಗಸರೂ ಮಾಡಬಲ್ಲರೆಂದು ತೋರಿಸುವುದು ಅವರ ಉದ್ದೇಶ. ಶಿಕಾಗೋ ದಾಟಿದ ಮೇಲೆ ಸಣ್ಣ ಊರುಗಳ ಪೊಲೀಸರು ಅವರನ್ನು ತಡೆದು ನಿಲ್ಲಿಸಿದ್ದು ವೇಗಕ್ಕಾಗಿ ಅಲ್ಲ, ಗಂಡಸರ ಉಡುಪು ತೊಟ್ಟಿದ್ದಕ್ಕಾಗಿ. ಇಬ್ಬರೂ 14,000 ಅಡಿ ಮೀರಿದ ಪೈಕ್ಸ್ ಪೀಕ್ ಶಿಖರವನ್ನು ಬೈಕಿನಲ್ಲೇ ಏರಿ, ಸೆಪ್ಟೆಂಬರ್‌ನಲ್ಲಿ ಪಶ್ಚಿಮ ತೀರ ಮುಟ್ಟಿದರು. ಸೇನೆ ಮಾತ್ರ ಅಡೆಲಿನ್‌ಳ ಅರ್ಜಿಯನ್ನು ತಿರಸ್ಕರಿಸಿತು.

ಇಂದು ಜಗತ್ಪ್ರಸಿದ್ಧವಾಗಿರುವ ಸ್ಟರ್ಜಿಸ್ ಬೈಕ್ ಜಾತ್ರೆ ದಕ್ಷಿಣ ಡಕೋಟದಲ್ಲಿ 1938ರ ಆಗಸ್ಟ್‌ನಲ್ಲಿ ಒಂಬತ್ತು ಸವಾರರ ಓಟವಾಗಿ ಆರಂಭವಾಯಿತು. ಅದನ್ನು ಕಟ್ಟಿದವನೆಂದು ಕ್ಲಾರೆನ್ಸ್ ಹೋಲ್‌ನ ಹೆಸರು ಹೇಳುತ್ತಾರೆ. ಬಂದವರಿಗೆ ಅಡುಗೆ ಮಾಡಿ ಬಡಿಸಿದವಳು ಅವನ ಹೆಂಡತಿ ಪರ್ಲ್. ಎರಡು ವರ್ಷಗಳಲ್ಲಿ, 1940ರಲ್ಲಿ, ಲಿಂಡಾ ಡುಜೊ ಮತ್ತು ಡಾಟ್ ರಾಬಿನ್ಸನ್ ಸೇರಿ ‘ಮೋಟಾರ್ ಮೇಡ್ಸ್’ ಸಂಘ ಕಟ್ಟಿದರು. ಮರುವರ್ಷ ಅಮೆರಿಕನ್ ಮೋಟಾರ್‌ಸೈಕಲ್ ಸಂಸ್ಥೆಯ ಮಾನ್ಯತೆ ಸಿಕ್ಕಾಗ 51 ಸದಸ್ಯೆಯರಿದ್ದರು. ಸದಸ್ಯೆಯಾಗಲು ಸ್ವಂತದ್ದೋ ಮನೆಯವರದ್ದೋ ಬೈಕನ್ನು ತಾನೇ ಓಡಿಸಬೇಕಿತ್ತು, ಹಿಂದೆ ಕೂರುವವರಿಗೆ ಪ್ರವೇಶವಿಲ್ಲ. ಜೊತೆಗೆ ಸಮವಸ್ತ್ರ, ಬಿಳಿಯ ಕೈಗವಸು. ‘ಹೆಣ್ತನ’ ಕಳೆದುಕೊಂಡಿಲ್ಲವೆಂದು ಊರಿಗೆಲ್ಲ ತೋರಿಸಬೇಕಾದ ಒತ್ತಡ ಆ ಬಿಳುಪಿನಲ್ಲಿ ಕಾಣುತ್ತದೆ. ಡಾಟ್ ಸ್ವತಃ ಒರಟು ಹಾದಿಯ ಜ್ಯಾಕ್ ಪೈನ್ ಓಟದ ಸೈಡ್‌ಕಾರ್ ವಿಭಾಗವನ್ನು ಗೆದ್ದವಳು, ಆದರೆ ಜನರ ಕಣ್ಣಿಗೆ ಬಿದ್ದದ್ದು ಅವಳ ಗುಲಾಬಿ ಬಣ್ಣದ ಹಾರ್ಲೆ. ಮಿಯಾಮಿಯ ಕಪ್ಪು ವರ್ಣದ ಸವಾರಿಣಿ ಬೆಸ್ಸಿ ಸ್ಟ್ರಿಂಗ್‌ಫೀಲ್ಡ್‌ಗೆ ಈ ಬಾಗಿಲೂ ತೆರೆದಿರಲಿಲ್ಲ. ಅಮೆರಿಕನ್ ಮೋಟಾರ್‌ಸೈಕಲ್ ಸಂಸ್ಥೆ ಆಗ ಬಿಳಿಯರಿಗೆ ಮಾತ್ರ ಸದಸ್ಯತ್ವ ಕೊಡುತ್ತಿತ್ತು. ಅದೇ ಸಂಸ್ಥೆ 2002ರಲ್ಲಿ ಅವಳನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು, ಅವಳು ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ.

ತಿರುವು ಬಂದದ್ದು ಎರಡನೇ ಮಹಾಯುದ್ಧದ ನಂತರ. 1947ರ ಜುಲೈ 4ರ ವಾರಾಂತ್ಯದಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್‌ನಲ್ಲಿ ಸವಾರರು ಗದ್ದಲ ಎಬ್ಬಿಸಿದರು. ಬಾಟಲಿಗಳ ನಡುವೆ ಬೈಕೇರಿ ಕೂತ ಕುಡುಕನೊಬ್ಬನ ಚಿತ್ರವನ್ನು ‘ಲೈಫ್’ ಪತ್ರಿಕೆ ದೇಶಕ್ಕೆಲ್ಲ ತೋರಿಸಿತು. ಆ ಘಟನೆಯ ನೆರಳಿನಲ್ಲಿ ಬಂದ 1953ರ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಮರ್ಲಾನ್ ಬ್ರ್ಯಾಂಡೊ ಮುಂದೆ, ನಾಯಕಿ ಅವನ ಬೆನ್ನ ಹಿಂದೆ. ಅದೇ ಕಾಲಕ್ಕೆ ಬೆಳೆದ ಹೆಲ್ಸ್ ಏಂಜಲ್ಸ್‌ನಂಥ ಕ್ಲಬ್ಬುಗಳು ಹೆಂಗಸರಿಗೆ ಸದಸ್ಯತ್ವ ಕೊಡಲಿಲ್ಲ. ಸದಸ್ಯನ ಹೆಂಡತಿ ಅಥವಾ ಸಂಗಾತಿ ‘ಓಲ್ಡ್ ಲೇಡಿ’. ಹಲವು ಕ್ಲಬ್ಬುಗಳಲ್ಲಿ ಅವಳ ಜಾಕೆಟ್ಟಿನ ಬೆನ್ನಿಗೆ ‘ಪ್ರಾಪರ್ಟಿ ಆಫ್’ ಎಂಬ ಪಟ್ಟಿ, ಕೆಳಗೆ ಗಂಡಸಿನದೋ ಕ್ಲಬ್ಬಿನದೋ ಹೆಸರು. ಬೇರೆ ಗಂಡಸರು ತಂಟೆಗೆ ಬರದಿರಲು ಅದೇ ರಕ್ಷೆ ಎಂದು ತೊಟ್ಟವರಲ್ಲಿ ಕೆಲವರು ಸಮರ್ಥಿಸಿಕೊಂಡದ್ದುಂಟು. ಒಬ್ಬನ ಸ್ವತ್ತೆಂದು ಸಾರಿಕೊಂಡರಷ್ಟೇ ಸುರಕ್ಷಿತಳಾಗುವ ಕೂಟ ಎಂಥದೆಂಬುದನ್ನು ಆ ಸಮರ್ಥನೆಯೇ ಹೇಳುತ್ತದೆ.

1971ರಲ್ಲಿ ಶುರುವಾದ ‘ಈಸಿರೈಡರ್ಸ್’ ಪತ್ರಿಕೆ ಅರೆಬೆತ್ತಲೆ ಹೆಣ್ಣನ್ನು ಬೈಕಿನ ಬಿಡಿಭಾಗವೆಂಬಂತೆ ಅಚ್ಚು ಹಾಕುತ್ತ ಬಂತು. ಸ್ಟರ್ಜಿಸ್‌ನಲ್ಲೂ ಓಟ ಹಿಂದೆ ಸರಿದು ಕುಡಿತ, ಸಂಗೀತ, ಒದ್ದೆ ಅಂಗಿಯ ಸ್ಪರ್ಧೆಗಳು ಮುಂದೆ ಬಂದವು. ಊರಿನ ಉದ್ಯಾನದಲ್ಲಿ ಗಲಾಟೆ ಮಿತಿಮೀರಿದ ವರ್ಷಗಳಲ್ಲೇ, 1981ರಲ್ಲಿ, ಊರಾಚೆ ‘ಬಫಲೋ ಚಿಪ್’ ಶಿಬಿರ ತೆರೆಯಿತು.

ಕಿರುತೆರೆ ಈ ಚಿತ್ರವನ್ನು ತಿದ್ದಲು ಹೋಗಲಿಲ್ಲ. 1977ರಿಂದ 1983ರವರೆಗೆ ಎನ್‌ಬಿಸಿಯಲ್ಲಿ ಪ್ರಸಾರವಾದ ‘ಚಿಪ್ಸ್’ ಧಾರಾವಾಹಿಯಲ್ಲಿ ಹೆದ್ದಾರಿ ಪೊಲೀಸರಿಬ್ಬರು ಬೈಕಿನಲ್ಲಿ ಮೆರೆದರೆ, ಅವರ ಮಹಿಳಾ ಸಹೋದ್ಯೋಗಿಗಳು ಬಹುಪಾಲು ಕಾರಿನಲ್ಲೇ ಉಳಿದರು. ಎಫ್‌ಎಕ್ಸ್ ವಾಹಿನಿಯ ‘ಸನ್ಸ್ ಆಫ್ ಅನಾರ್ಕಿ’ (2008–2014) ಹೆಚ್ಚು ಸಂಕೀರ್ಣ. ಕರ್ಟ್ ಸಟರ್ ಇದನ್ನು ಹ್ಯಾಮ್ಲೆಟ್‌ನ ನೆರಳಿನಲ್ಲಿ ಹೆಣೆದ; ರಾಣಿ ಗರ್ಟ್ರೂಡ್‌ಳ ಜಾಗದಲ್ಲಿ ಬೈಕ್ ಕ್ಲಬ್ಬಿನ ಮುಖ್ಯಸ್ಥನ ಹೆಂಡತಿ ಜೆಮ್ಮಾ. ಆ ಪಾತ್ರಕ್ಕಾಗಿ ಕೇಟಿ ಸೇಗಲ್‌ಗೆ 2011ರಲ್ಲಿ ಗೋಲ್ಡನ್ ಗ್ಲೋಬ್ ಬಂತು. ಮನೆ, ಮಗ, ಮೊಮ್ಮಕ್ಕಳು, ಗಂಡನ ಕಿವಿ ಎಲ್ಲವೂ ಜೆಮ್ಮಾಳ ಹಿಡಿತದಲ್ಲಿವೆ, ಆದರೆ ಕ್ಲಬ್ಬಿನ ಮೇಜಿನ ಸುತ್ತ ಅವಳಿಗೆ ಕುರ್ಚಿಯಿಲ್ಲ, ಮತವಿಲ್ಲ. ಎರಡನೇ ಸರಣಿಯ ಆರಂಭದಲ್ಲಿ ಅವಳ ಮೇಲೆ ನಡೆಯುವ ಸಾಮೂಹಿಕ ಅತ್ಯಾಚಾರ ಗಂಡಸರಿಗೆ ಕಳಿಸಿದ ಬೆದರಿಕೆಯ ಸಂದೇಶ. ಕ್ಲಬ್ಬಿಗೆ ಕೇಡಾಗಬಾರದೆಂದು ಅವಳು ಅದನ್ನು ನುಂಗಿಕೊಳ್ಳುತ್ತಾಳೆ. ಶಸ್ತ್ರಚಿಕಿತ್ಸಕಿಯಾದ ಸೊಸೆ ಟಾರಾ ಆ ಲೋಕದಿಂದ ಹೊರಬೀಳಲು ಹವಣಿಸಿ, ಅತ್ತೆಯ ಕೈಯಲ್ಲೇ ಸಾಯುತ್ತಾಳೆ. ಹೆಂಗಸರ ಪಾಡನ್ನು ಧಾರಾವಾಹಿ ಕಂಡದ್ದು ನಿಜ, ಕ್ಲಬ್ಬಿನ ಅಂಗಳದಲ್ಲಿ ಸುಳಿಯುವ ಹೆಸರಿಲ್ಲದ ಹುಡುಗಿಯರನ್ನು ಮಾತ್ರ ಅದೂ ಅಲಂಕಾರಕ್ಕೇ ಬಳಸಿಕೊಂಡಿತು. ಸ್ವತಃ ಜೆಮ್ಮಾ ಓಡಾಡುವುದು ಕಾರಿನಲ್ಲಿ.

ರಸ್ತೆಯ ಮೇಲಿನ ಸಂಗತಿ ಅಷ್ಟರಲ್ಲಿ ಬದಲಾಗಿತ್ತು. 1979ರಲ್ಲಿ ಒಹಾಯೋದ ಟೊಲಿಡೊದಲ್ಲಿ ‘ವಿಮೆನ್ ಇನ್ ದಿ ವಿಂಡ್’, 1982ರಲ್ಲಿ ‘ವಿಮೆನ್ ಆನ್ ವೀಲ್ಸ್’ ಸಂಘಗಳು ಹುಟ್ಟಿದ್ದವು. ಮೋಟಾರ್‌ಸೈಕಲ್ ಉದ್ಯಮ ಮಂಡಳಿಯ ಸಮೀಕ್ಷೆಗಳ ಪ್ರಕಾರ ‘ಸನ್ಸ್ ಆಫ್ ಅನಾರ್ಕಿ’ ಶುರುವಾದ ಹೊತ್ತಿಗೆ ಅಮೆರಿಕದ ಬೈಕ್ ಮಾಲೀಕರಲ್ಲಿ ಹತ್ತಕ್ಕೆ ಸುಮಾರು ಒಬ್ಬರು ಮಹಿಳೆ. 2018ರಲ್ಲಿ ಆ ಪಾಲು ಶೇ 19. ಸ್ಟರ್ಜಿಸ್‌ನಲ್ಲಿ 2009ರಿಂದ ‘ಬೈಕರ್ ಬೆಲ್ಸ್’ ಎಂಬ ಮಹಿಳೆಯರ ಸವಾರಿ ನಡೆಯುತ್ತಿದೆ. ಅದರ ಬೆನ್ನಿಗೆ ನಿಂತಿರುವುದು ಬಫಲೋ ಚಿಪ್ ಶಿಬಿರವೇ. ಜಾತ್ರೆಯ ದಿನಗಳಲ್ಲಿ ‘ಮಿಸ್ ಬಫಲೋ ಚಿಪ್’ ಸ್ಪರ್ಧೆ ನಡೆಸುವುದೂ ಅದೇ.