711ನೆಯ ಕೊಠಡಿ ಮತ್ತು ಫಲಕಕ್ಕೆ ಏರದ ಹೆಸರುಗಳು: ಸೇವಾ ಕ್ಲಬ್ಬಿನ ಚರಿತ್ರೆಯನ್ನು ಕಾಪಿಡುವ ಬಗೆ

ಸೇವಾ ಕ್ಲಬ್ಬುಗಳ ಚರಿತ್ರೆ ಎಂದೊಡನೆ ಸಿಗುವ ಸಾಮಗ್ರಿ ಮೂರು ಬಗೆಯದು: ಗೋಡೆಯ ಮೇಲಿನ ಮಾಜಿ ಅಧ್ಯಕ್ಷರ ಫಲಕ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಪದಗ್ರಹಣದ ಫೋಟೋಗಳು. ಇವು ಹೆಚ್ಚಾಗಿ ಹೇಳುವುದು ಅಧಿಕಾರದಲ್ಲಿದ್ದವರ ವಿಚಾರವನ್ನು. ಕ್ಲಬ್ಬಿನ ದಿಕ್ಕು ಬದಲಿಸಿದವರೆಲ್ಲ ಅಧಿಕಾರದಲ್ಲಿದ್ದವರೇ ಎಂದು ಹೇಳಲು ಬರುವುದಿಲ್ಲ. ಜಗತ್ತಿನ ಮೊದಲ ರೋಟರಿ ಕ್ಲಬ್ಬಾದ ಶಿಕಾಗೋ ಕ್ಲಬ್ಬಿನ ನಿದರ್ಶನದಿಂದ ಇದನ್ನು ಪರಿಶೀಲಿಸಿ, ನಮ್ಮ ಊರುಗಳ ಕ್ಲಬ್ಬುಗಳು ಕಾಪಾಡಬೇಕಾದ ದಾಖಲೆಗಳು ಯಾವುವೆಂದು ಸೂಚಿಸುವುದು ಈ ಲೇಖನದ ಉದ್ದೇಶ.

ಉಳಿದವರು, ಹೋದವರು

1905ರ ಫೆಬ್ರವರಿ 23ರ ಸಂಜೆ ಶಿಕಾಗೋದ ಡಿಯರ್‌ಬಾರ್ನ್ ಬೀದಿಯ ಯೂನಿಟಿ ಕಟ್ಟಡದ 711ನೆಯ ಕೊಠಡಿಯಲ್ಲಿ ನಾಲ್ವರು ಸೇರಿದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗುಸ್ತಾವಸ್ ಲೋರ್, ದರ್ಜಿ ಅಂಗಡಿಯ ಹೈರಮ್ ಶೋರಿ ಆ ನಾಲ್ವರು. ಮೊದಲ ಅಧ್ಯಕ್ಷರಾದವರು ಶೀಲ್. ಸ್ಥಾಪಕರೆಂದು ಇಂದು ಎಲ್ಲರ ಬಾಯಲ್ಲಿರುವ ಹ್ಯಾರಿಸ್ ಆ ಕ್ಲಬ್ಬಿನ ಅಧ್ಯಕ್ಷಸ್ಥಾನಕ್ಕೆ ಬಂದದ್ದು 1907ರಲ್ಲಿ. ಶೋರಿ ಮೊದಲ ವರ್ಷದ ನಂತರ ದೂರವಾದರು. ಲೋರ್ ಕೂಡ ಕೆಲವೇ ವರ್ಷಗಳಲ್ಲಿ ಕ್ಲಬ್ಬು ಬಿಟ್ಟರು, 1918ರಲ್ಲಿ ತೀರಿಕೊಂಡರು.

ಆರಂಭದ ಸಭೆಗಳು ಸರದಿಯಂತೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ನಡೆಯುತ್ತಿದ್ದುದರಿಂದ ಕ್ಲಬ್ಬಿಗೆ ತನ್ನದೆಂಬ ಒಂದು ನೆಲೆ ಇರಲಿಲ್ಲ. ಈ ದಿನಗಳ ಕಥೆಗೆ ನಾವು ಬಹುಮಟ್ಟಿಗೆ ಹ್ಯಾರಿಸ್ ಅವರ ಬರಹಗಳನ್ನೇ ನೆಚ್ಚಿಕೊಂಡಿದ್ದೇವೆ. ಅವರ ಆತ್ಮಕಥನ ‘ಮೈ ರೋಡ್ ಟು ರೋಟರಿ’ ಪ್ರಕಟವಾದದ್ದು 1948ರಲ್ಲಿ, ಅವರು ತೀರಿಕೊಂಡ ಮರುವರ್ಷ. ಘಟನೆಗೂ ಪ್ರಕಟಣೆಗೂ ನಡುವೆ ನಾಲ್ಕು ದಶಕಗಳು ಕಳೆದಿದ್ದವು. ಹೋದವರ ಕಥೆಯನ್ನು ಉಳಿದವರ ನೆನಪಿನಿಂದಷ್ಟೇ ಕಟ್ಟುವುದರಲ್ಲಿರುವ ತೊಡಕು ಇಲ್ಲಿ ಸ್ಪಷ್ಟವಾಗಿದೆ.

ಸೇರಲು ಒಪ್ಪದ ವಕೀಲ

ಕ್ಲಬ್ಬಿನ ಮೊದಲ ನಿಯಮಾವಳಿಯಲ್ಲಿ ಸೇವೆಯ ಪ್ರಸ್ತಾಪವೇ ಇರಲಿಲ್ಲ. ಸದಸ್ಯರ ವ್ಯಾಪಾರ ವೃದ್ಧಿ ಮತ್ತು ಪರಸ್ಪರ ಸ್ನೇಹ, ಇವೆರಡೇ ಅದರ ಗುರಿಗಳು. 1906ರಲ್ಲಿ ಫ್ರೆಡರಿಕ್ ಟ್ವೀಡ್ ಎಂಬ ಸದಸ್ಯರು ಪೇಟೆಂಟ್ ವಕೀಲ ಡೊನಾಲ್ಡ್ ಕಾರ್ಟರ್ ಅವರನ್ನು ಆಹ್ವಾನಿಸಿದಾಗ, ತನ್ನ ಸದಸ್ಯರಾಚೆಗೆ ಯಾರಿಗೂ ಉಪಯೋಗವಿಲ್ಲದ ಕ್ಲಬ್ಬಿಗೆ ಸೇರಲು ಅವರು ಒಪ್ಪಲಿಲ್ಲ. ನಿಯಮ ತಿದ್ದಲು ನೆರವಾಗಿರೆಂದು ಕೇಳಿಕೊಂಡ ಮೇಲೆ ಒಳಬಂದರು. ನಗರದ ಹಿತವೆಂಬ ಮೂರನೆಯ ಗುರಿ ಸೇರಿದ್ದು ಹೀಗೆ. 1907ರಲ್ಲಿ ಸಿಟಿ ಹಾಲಿನ ಬಳಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಕೆಲಸವನ್ನು ಕ್ಲಬ್ಬು ಕೈಗೆತ್ತಿಕೊಂಡಿತು. ಕ್ಲಬ್ಬನ್ನು ಸೇವಾ ಕ್ಲಬ್ಬಾಗಿಸಿದ ತಿರುವು ಒಬ್ಬ ಹೊರಗಿನವರ ಆಕ್ಷೇಪದಿಂದ ಬಂತು. ಅಧ್ಯಕ್ಷರ ಫಲಕದಲ್ಲಿ ಇಂಥದಕ್ಕೆ ಜಾಗವಿರುವುದಿಲ್ಲ. ಅದನ್ನು ಹುಡುಕಬೇಕಾದದ್ದು ನಿಯಮಾವಳಿಯ ತಿದ್ದುಪಡಿಗಳಲ್ಲಿ, ಸಭೆಯ ನಡಾವಳಿಗಳಲ್ಲಿ.

ಕಳಚಿ ಜೋಡಿಸಿದ ಕೊಠಡಿ

1980ರ ದಶಕದಲ್ಲಿ ಶಿಕಾಗೋ ಕ್ಲಬ್ಬಿನವರು 711ನೆಯ ಕೊಠಡಿಯನ್ನು ಬಾಡಿಗೆಗೆ ಹಿಡಿದು, 1905ರ ರೂಪಕ್ಕೆ ತರತೊಡಗಿದರು. 1989ರಲ್ಲಿ ಯೂನಿಟಿ ಕಟ್ಟಡ ನೆಲಸಮವಾಗುವ ಹೊತ್ತಿಗೆ ಕೊಠಡಿಯ ಒಳಭಾಗವನ್ನು ಜೋಪಾನವಾಗಿ ಕಳಚಿ ತೆಗೆದಿಟ್ಟರು. 1994ರಲ್ಲಿ ಅದನ್ನು ಇವಾನ್‌ಸ್ಟನ್‌ನ ರೋಟರಿ ಕೇಂದ್ರ ಕಚೇರಿಯಲ್ಲಿ ಮರಳಿ ಜೋಡಿಸಲಾಯಿತು. ಪ್ರಯತ್ನ ಮೆಚ್ಚತಕ್ಕದ್ದೇ. ಆದರೆ ಸಂಶೋಧಕರು ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಈಗಿರುವುದು ಮರುಸೃಷ್ಟಿ. ಯಾವುದು ಮೂಲ, ಯಾವುದು ಸೇರ್ಪಡೆ ಎಂಬ ಪಟ್ಟಿಯಿಲ್ಲದೆ ಅದನ್ನು ಪುರಾವೆಯಾಗಿ ಬಳಸಲಾಗದು. ಎರಡು, ರೋಟರಿಯ ಯಾತ್ರಾಸ್ಥಳವೆನಿಸಿದ ಈ ಕೊಠಡಿ ಲೋರ್ ಅವರ ಕಚೇರಿ. ಬಿಟ್ಟುಹೋದ ಸದಸ್ಯರ ಕೊಠಡಿಯನ್ನು ಕ್ಲಬ್ಬು ಉಳಿಸಿಕೊಂಡಿತು. ಅವರೇಕೆ ಬಿಟ್ಟರೆಂಬ ಪ್ರಶ್ನೆ ಮಾತ್ರ ಹಿಂದೆ ಸರಿಯಿತು.

ಪಟ್ಟಿಯಾಚೆಯ ಕೆಲಸ

ಸದಸ್ಯರ ಪಟ್ಟಿಗೂ ಮಿತಿಯಿದೆ. ರೋಟರಿ ಸದಸ್ಯತ್ವ ದೀರ್ಘಕಾಲ ಪುರುಷರಿಗಷ್ಟೇ ಮೀಸಲಾಗಿತ್ತು. ಮಹಿಳೆಯರನ್ನು ಸೇರಿಸಿಕೊಂಡ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬಿನ ಮಾನ್ಯತೆಯನ್ನು 1978ರಲ್ಲಿ ಕಿತ್ತುಕೊಳ್ಳಲಾಯಿತು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟು ಮಹಿಳೆಯರ ಪ್ರವೇಶದ ಪರ ತೀರ್ಪಿತ್ತಿತು. 1989ರಲ್ಲಿ ಸಂಸ್ಥೆಯೇ ನಿಯಮ ಬದಲಿಸಿತು. ಅದಕ್ಕೆ ಹಿಂದಿನ ಮಹಿಳೆಯರ ದುಡಿಮೆಯನ್ನು ತಿಳಿಯಬೇಕಾದರೆ, 1924ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಆರಂಭಿಸಿದ ಇನ್ನರ್ ವೀಲ್‌ನಂಥ ಸಂಘಗಳ ಕಡತಗಳನ್ನೂ ಓದಬೇಕು.

ನಮ್ಮ ಕ್ಲಬ್ಬುಗಳಿಗೆ

ಕಲ್ಕತ್ತಾ ಕ್ಲಬ್ಬಿಗೆ ನೂರು ವರ್ಷ ದಾಟಿದೆ. ಅಲ್ಲಿನ ನಿತೀಶ್ ಲಾಹಿರಿ 1962–63ರಲ್ಲಿ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದವರು. ಬೆಂಗಳೂರಿನ ಕ್ಲಬ್ಬು 1934ರದು. ಅಷ್ಟು ಎತ್ತರಕ್ಕೇರಿದವರ ಹೆಸರು ಹೇಗೂ ಉಳಿಯುತ್ತದೆ. ಅಪಾಯದಲ್ಲಿರುವುದು ಸ್ಥಳೀಯ ಕಾಗದಪತ್ರ. ಪ್ರತಿ ಜುಲೈ 1ಕ್ಕೆ ಪದಾಧಿಕಾರಿಗಳು ಬದಲಾಗುತ್ತಾರೆ. ಸ್ವಂತ ಕಟ್ಟಡವಿಲ್ಲದ ಕಡೆ ಕಡತಗಳು ಕಾರ್ಯದರ್ಶಿಯ ಮನೆಯಿಂದ ಮನೆಗೆ ಅಲೆಯುತ್ತವೆ. ಆದ್ದರಿಂದ ಮೊದಲು ಕಾಪಾಡಬೇಕಾದವು ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ವಾರದ ಬುಲೆಟಿನ್, ವೃತ್ತಿವಾರು ಸದಸ್ಯರ ಪಟ್ಟಿ ಮತ್ತು ರಾಜೀನಾಮೆ ಪತ್ರಗಳು. ಫೋಟೋದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರಿರುವಾಗಲೇ ಹೆಸರುಗಳನ್ನು ಬರೆಸಿಕೊಳ್ಳಬೇಕು. ಸ್ಕ್ಯಾನ್ ಮಾಡಿದ ಮೇಲೂ ಮೂಲಪ್ರತಿಯನ್ನು ಎಸೆಯಬಾರದು. ಜಿಲ್ಲೆಯ ಗ್ರಂಥಾಲಯವೋ ಕಾಲೇಜೋ ಇಟ್ಟುಕೊಳ್ಳಲು ಒಪ್ಪಿದರೆ ಅಲ್ಲಿಗೊಪ್ಪಿಸುವುದು ಕ್ಷೇಮ.

‘ಗಣ್ಯ ಸದಸ್ಯ’ರನ್ನು ಗುರುತಿಸುವ ಅಳತೆಯೂ ಬದಲಾಗಬೇಕು. ಯಾರು ಎಷ್ಟು ಹುದ್ದೆ ಹಿಡಿದರು ಎಂದು ಕೇಳುವ ಮೊದಲು, ಯಾರ ಮಾತಿನಿಂದ ಯಾವ ನಿರ್ಣಯ ಬದಲಾಯಿತು ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ನಡಾವಳಿ ಪುಸ್ತಕ ಕೈಲಿದ್ದರೆ, ಕಾರ್ಟರ್ ಅವರಂಥವರು ನಮ್ಮ ತಾಲ್ಲೂಕಿನ ಕ್ಲಬ್ಬುಗಳಲ್ಲೂ ಸಿಕ್ಕಾರು.