ಮುಳ್ಳು ಮರಳಿದ್ದೇಕೆ?

ನಾನು ಸೇವೆಯಲ್ಲಿದ್ದಾಗಿನ ಮಾತು. ಹತ್ತನೆಯ ತರಗತಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನಡೆದಿತ್ತು. ತಂತಿಯ ಸುರುಳಿಯೊಳಕ್ಕೆ ದಂಡಕಾಂತವನ್ನು ನುಗ್ಗಿಸಿದೆ. ಗ್ಯಾಲ್ವನೋಮೀಟರಿನ ಮುಳ್ಳು ಒಂದು ಬದಿಗೆ ವಾಲಿ, ಮತ್ತೆ ಸೊನ್ನೆಗೆ ಬಂದು ನಿಂತಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಕಾಂತ ಇನ್ನೂ ಒಳಗೇ ಇದೆಯಲ್ಲ, ಮುಳ್ಳು ಯಾಕೆ ವಾಪಸ್ ಬಂತು?" ಎಂದು ಕೇಳಿದನು. ಗಂಟೆ ಬಾರಿಸುವ ಹೊತ್ತಾಗಿತ್ತು. "ಪುಸ್ತಕದಲ್ಲಿದೆ, ಓದಿಕೋ" ಎಂದು ಗದರಿಸಿ ಕೂರಿಸಿಬಿಟ್ಟೆ. ಪಾಠದ ತಿರುಳೇ ಆ ಪ್ರಶ್ನೆಯಲ್ಲಿತ್ತೆಂಬುದು ಈ ಶೋಧದ ಚರಿತ್ರೆಯನ್ನು ಓದಿದ ಮೇಲೆ ನನಗೆ ಮನವರಿಕೆಯಾಯಿತು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅವರು, ವಿದ್ಯುತ್ ಹರಿಯುವ ತಂತಿಯು ದಿಕ್ಸೂಚಿಯ ಸೂಜಿಯನ್ನು ತಿರುಗಿಸುತ್ತದೆಂದು ಪ್ರಕಟಿಸಿದರು. ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದಾದರೆ, ಕಾಂತದಿಂದ ವಿದ್ಯುತ್ತೇಕೆ ಹುಟ್ಟಬಾರದು? ಹಲವರು ಈ ಹುಡುಕಾಟಕ್ಕೆ ತೊಡಗಿದರು. ತಂತಿಯ ಬಳಿ ಕಾಂತವಿದ್ದರೆ ಪ್ರವಾಹವು ಸತತವಾಗಿ ಹರಿಯಬೇಕೆಂಬುದೇ ಅಂದಿನ ಸಾಮಾನ್ಯ ನಿರೀಕ್ಷೆ.

ಜಿನೀವಾದ ಕೊಲಾಡನ್ ಅವರು 1825ರಲ್ಲಿ ಗುರಿಯ ಹೊಸ್ತಿಲವರೆಗೂ ಬಂದಿದ್ದರು. ಕಾಂತದ ನೇರ ಪ್ರಭಾವ ತಟ್ಟದಿರಲೆಂದು ಗ್ಯಾಲ್ವನೋಮೀಟರನ್ನು ಬೇರೊಂದು ಕೋಣೆಯಲ್ಲಿಟ್ಟು, ಉದ್ದನೆಯ ತಂತಿಗಳಿಂದ ಸುರುಳಿಗೆ ಜೋಡಿಸಿದ್ದರು. ಕಾಂತವನ್ನು ಸರಿಸಿ, ಆ ಕೋಣೆಗೆ ನಡೆದುಹೋಗಿ ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು. ಅವರು ತಲುಪುವಷ್ಟರಲ್ಲಿ ಅದು ವಾಲಿ ಮರಳಿಯಾಗಿತ್ತು. ಅವರ ಎಚ್ಚರಿಕೆಯೇ ಅವರಿಗೆ ಅಡ್ಡಿಯಾಯಿತು.

ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತು ಬೆಳೆದ ಮೈಕೆಲ್ ಫ್ಯಾರಡೆ ಅವರೂ 1825ರಲ್ಲಿ ಯತ್ನಿಸಿ ಸೋತಿದ್ದವರೇ. 1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಕಬ್ಬಿಣದ ಬಳೆಯೊಂದರ ಎರಡು ಬದಿಗಳಿಗೆ ಬೇರೆ ಬೇರೆ ತಂತಿಗಳನ್ನು ಸುತ್ತಿದರು. ಒಂದನ್ನು ಬ್ಯಾಟರಿಗೆ ಜೋಡಿಸಿದ ಕ್ಷಣ, ಇನ್ನೊಂದರ ತಂತಿಯ ಬಳಿಯಿದ್ದ ಸೂಜಿ ಅಲುಗಾಡಿ ಸ್ವಸ್ಥಾನಕ್ಕೆ ಮರಳಿತು. ಬ್ಯಾಟರಿಯನ್ನು ಬಿಡಿಸಿದಾಗ ಮತ್ತೊಮ್ಮೆ ಅಲುಗಿತು. ಆ ಕ್ಷಣಿಕ ಚಲನೆಯನ್ನು ಅವರು ಅಲಕ್ಷಿಸಲಿಲ್ಲ. ಅಕ್ಟೋಬರ್ 17ರಂದು ಸುರುಳಿಯೊಳಕ್ಕೆ ದಂಡಕಾಂತವನ್ನು ನುಗ್ಗಿಸಿ, ಹೊರಗೆಳೆದು, ಅದೇ ಫಲವನ್ನು ಕಂಡರು. ನಾನು ತರಗತಿಯಲ್ಲಿ ಮಾಡಿ ತೋರಿಸಿದ್ದು ಇದೇ ಪ್ರಯೋಗ.

ಸುರುಳಿಯ ಮೂಲಕ ಹಾಯುವ ಕಾಂತೀಯ ಬಲರೇಖೆಗಳ ಸಂಖ್ಯೆ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ಪ್ರೇರಿತ ವಿದ್ಯುತ್ತು ಇರುತ್ತದೆ. ಕಾಂತ ನಿಂತೊಡನೆ ಬದಲಾವಣೆ ನಿಂತಿತು, ಮುಳ್ಳು ಮರಳಿತು. ಬೇಗನೆ ನುಗ್ಗಿಸಿದರೆ ಹೆಚ್ಚು ವಾಲುತ್ತದೆ. ಹೊರಗೆಳೆದರೆ ಎದುರು ದಿಕ್ಕಿಗೆ ವಾಲುತ್ತದೆ. 1834ರಲ್ಲಿ ಲೆಂಜ್ ಅವರು ಇನ್ನೊಂದನ್ನು ಸೇರಿಸಿದರು: ಹುಟ್ಟಿದ ಪ್ರವಾಹವು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ. ಆ ವಿರೋಧದ ಎದುರು ನಮ್ಮ ಕೈ ಮಾಡುವ ಕೆಲಸವೇ ವಿದ್ಯುತ್ತಾಗುತ್ತದೆ. ಸುಮ್ಮನೆ ನಿಂತ ಕಾಂತವು ಪುಕ್ಕಟೆಯಾಗಿ ಏನನ್ನೂ ಕೊಡದು.

ನಮ್ಮ ಶಿವನಸಮುದ್ರದಲ್ಲಿ ಆ ಕೈಯ ಕೆಲಸವನ್ನು ಕಾವೇರಿ ವಹಿಸಿಕೊಂಡಳು. ಧುಮುಕುವ ನೀರು ಯಂತ್ರವನ್ನು ನಿಲ್ಲಗೊಡದೆ ತಿರುಗಿಸುವುದರಿಂದ ಬದಲಾವಣೆಯೂ ನಿಲ್ಲುವುದಿಲ್ಲ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದುದು ಈ ತತ್ತ್ವದಿಂದಲೇ.

ಅಂದು ಪ್ರಶ್ನೆ ಕೇಳಿದ ಶಿಷ್ಯನೇ, ನೀನು ಇದನ್ನು ಓದುತ್ತಿದ್ದರೆ ಉತ್ತರ ತಡವಾದುದಕ್ಕೆ ಕ್ಷಮಿಸು. ಮುಳ್ಳು ವಾಲಿದ್ದನ್ನಷ್ಟೇ ನಾನು ತೋರಿಸಿದ್ದೆ. ಅದು ಮರಳಿದ್ದನ್ನು ಗಮನಿಸಿದವನು ನೀನು.