ಹುಲ್ಲು, ನಾರು, ಫೋಮ್: ಹಳೆಯ ಕಾರಿನ ಸೀಟಿನ ಕಥೆ

ಕಾರು ಬರುವ ಮೊದಲು ಮಂಡ್ಯ ಸೀಮೆಯಲ್ಲಿ ಪ್ರಯಾಣದ ಮೆತ್ತೆ ಎಂದರೆ ಹುಲ್ಲು. ಮೇಲುಕೋಟೆಯ ವೈರಮುಡಿ ಉತ್ಸವಕ್ಕೋ ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯ ದನದ ಜಾತ್ರೆಗೋ ಹೊರಟ ಕಮಾನು ಗಾಡಿಯಲ್ಲಿ ಮೊಣಕೈ ಎತ್ತರಕ್ಕೆ ಹುಲ್ಲು ಹರಡಿ, ಮೇಲೆ ಜಮಖಾನ ಹಾಸುತ್ತಿದ್ದರು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಅದು ಭತ್ತದ ಹುಲ್ಲು, ನಾಗಮಂಗಲದ ಕಡೆ ರಾಗಿ ಹುಲ್ಲು. ದಾರಿಯಲ್ಲಿ ಎತ್ತುಗಳಿಗೆ ಮೇವೂ ಅದೇ ಆಗಿದ್ದರಿಂದ ಊರಿಗೆ ಮರಳುವ ಹೊತ್ತಿಗೆ ಸೀಟು ತೆಳ್ಳಗಾಗಿರುತ್ತಿತ್ತು. ಜಟಕಾ ಗಾಡಿಯ ಏರ್ಪಾಡೂ ಹೆಚ್ಚು ಬೇರೆಯಲ್ಲ.

ಕಾರು ತಂದದ್ದು ಸ್ಪ್ರಿಂಗು. ಯುರೋಪಿನ ಸಾರೋಟುಗಳಿಂದ ಬಂದ ಪದ್ಧತಿ ಇದು: ಚೌಕಟ್ಟಿನೊಳಗೆ ಸಾಲಾಗಿ ಕಟ್ಟಿದ ಸುರುಳಿ ಸ್ಪ್ರಿಂಗು, ಅದರ ಮೇಲೆ ಗೋಣಿತಟ್ಟು, ಕುದುರೆ ಕೂದಲಿನ ಇಲ್ಲವೆ ನಾರಿನ ಮೆತ್ತೆ, ಅರಳೆಯ ಪದರ, ಕೊನೆಗೆ ಚರ್ಮದ ಹೊದಿಕೆ. ಚರ್ಮ ಅರಮನೆಯವರಿಗೂ ಸಿರಿವಂತರಿಗೂ ಎಟುಕಿದ ಸೊಗಸು. ಮಧ್ಯಮ ವರ್ಗದ ಕಾರಿಗೆ ಬಂದದ್ದು ಬಟ್ಟೆಗೆ ಲೇಪ ಕೊಟ್ಟು ಮಾಡಿದ ರೆಕ್ಸಿನ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಮೇಲೆ ಹಿಂದೂಸ್ತಾನ್ ಮೋಟರ್ಸ್ 1957ರಿಂದ ತಯಾರಿಸಿದ ಅಂಬಾಸಿಡರ್, ನಂತರ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆದ ಫಿಯೆಟ್ ಎರಡೂ ರೆಕ್ಸಿನ್ ಸೀಟಿನ ಕಾರುಗಳು. ಅಂಬಾಸಿಡರಿನ ಮುಂದಿನ ಸೀಟು ಒಂದೇ ಉದ್ದ ಬೆಂಚು, ಗೇರ್ ಕಡ್ಡಿ ಸ್ಟೀರಿಂಗ್ ಪಕ್ಕದಲ್ಲಿ. ಆದ್ದರಿಂದ ಮುಂದೆ ಮೂವರು, ಹಿಂದೆ ನಾಲ್ವರು ಕೂರುವುದು ವಾಡಿಕೆ. ಮದುವೆ ದಿಬ್ಬಣದಲ್ಲಿ ಈ ಲೆಕ್ಕವೂ ಮೀರುತ್ತಿತ್ತು. ಸೀಟುಗಳು ಬೇಗ ಕುಸಿದದ್ದರಲ್ಲಿ ಕಾರ್ಖಾನೆಯ ತಪ್ಪು ಕಡಿಮೆ.

ಬಿಸಿಲಿಗೆ ರೆಕ್ಸಿನ್ ಕಾದು ಸುಡುತ್ತದೆ, ಬೆವರಿಗೆ ಅಂಟುತ್ತದೆ. ಅದಕ್ಕೆ ಸಾಹೇಬರ ಕಾರಿನಲ್ಲಿ ಬಿಳಿ ಟವೆಲ್ ಬಟ್ಟೆಯ ಕವರ್, ಟ್ಯಾಕ್ಸಿಯಲ್ಲಿ ಚಾಲಕನ ಬೆನ್ನಿಗೆ ಮರದ ಮಣಿಗಳ ಹಾಸು ಬಂದವು. ಎರಡೂ ಕಾಯಿಲೆಯ ಮೇಲ್ಪದರಕ್ಕಷ್ಟೇ ಮದ್ದು.

ಸೀಟಿನ ಸುಖ ಇರುವುದು ಒಳಗೆ, ನಾರಿನಲ್ಲಿ. ತೆಂಗಿನ ನಾರನ್ನು ಹಗ್ಗದಂತೆ ಹೊಸೆದು, ಸುರುಳಿ ನಿಲ್ಲುವಂತೆ ಹದಗೊಳಿಸಿ, ಮತ್ತೆ ಬಿಡಿಸಿದರೆ ಎಳೆಗಳು ಗುಂಗುರಾಗುತ್ತವೆ. ಅವುಗಳ ಮೇಲೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಶಾಖಕ್ಕಿಟ್ಟರೆ ರಬ್ಬರೀಕೃತ ನಾರಿನ ಹಾಸು ಸಿದ್ಧ. ಎಳೆಗಳ ನಡುವೆ ಗಾಳಿ ಆಡುವುದರಿಂದ ಅದು ಕಾಯುವುದಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಕಾರುಗಳೂ ಬಹುಕಾಲ ಇಂಥ ಮೆತ್ತೆಯನ್ನು ನೆಚ್ಚಿದ್ದವು. ನಾಗಮಂಗಲ, ಕೆ.ಆರ್. ಪೇಟೆಯ ತೋಟಗಳಲ್ಲಿ ಮಟ್ಟೆಯಾಗಿ ಒಲೆ ಸೇರುತ್ತಿದ್ದ ಸರಕೇ ಅಲ್ಲಿ ದುಬಾರಿ ಕಾರಿನ ಹೊಟ್ಟೆಯಲ್ಲಿತ್ತು.

ನಾರಿಗೂ ಆಯಸ್ಸುಂಟು. ವರ್ಷಗಳು ಕಳೆದಂತೆ ರಬ್ಬರ್ ಒಣಗಿ ಉದುರುತ್ತದೆ, ನಾರು ಪುಡಿಯಾಗುತ್ತದೆ, ಗೋಣಿತಟ್ಟು ಹರಿದು ಸ್ಪ್ರಿಂಗು ನೇರವಾಗಿ ತೊಡೆಗೆ ಚುಚ್ಚುತ್ತದೆ. ಹೊತ್ತಿಗೆ ಸರಿಯಾಗಿ ಫೋಮ್ ಬಂತು. 1929ರಲ್ಲಿ ಡನ್ಲಪ್ ಕಂಪನಿಯವರು ರಬ್ಬರ್ ಹಾಲನ್ನು ನೊರೆಯಾಗಿಸಿ ಮೆತ್ತೆ ಮಾಡಿದ್ದರು. ಪಾಲಿಯುರಿಥೇನ್ ರಸಾಯನವನ್ನು ಜರ್ಮನಿಯ ಆಟೋ ಬೇಯರ್ 1937ರಲ್ಲಿ ಕಂಡುಹಿಡಿದರು. ಅದರ ಮೆದು ಫೋಮ್ 1950ರ ದಶಕದಲ್ಲಿ ಮಾರುಕಟ್ಟೆಗೆ ಇಳಿಯಿತು. ಕುಷನ್ ಅಂಗಡಿಯವರಿಗೆ ಅದು ವರವಾಯಿತು. ದಬ್ಬಣ ಹಿಡಿದು ದಿನಗಟ್ಟಲೆ ಗೋಣಿ ಹೊಲಿಯುವ ಬದಲು ಫೋಮ್ ಕತ್ತರಿಸಿ ಅಂಟಿಸಿದರೆ ಸಂಜೆಗೆ ಕಾರು ಹೊರಗೆ. ಕೆಲವರು ಸ್ಪ್ರಿಂಗನ್ನೇ ಕಿತ್ತೆಸೆದು ಬರೀ ಫೋಮ್ ತುಂಬಿದರು. ಅಂಥ ಸೀಟು ಮೊದಲ ತಿಂಗಳು ಹಾಯೆನಿಸುತ್ತದೆ, ಆಮೇಲೆ ಕುಳಿ ಬೀಳುತ್ತದೆ. ಗುಂಡಿಯ ಏಟು ತಡೆಯಲು ಕೆಳಗೆ ಏನೂ ಉಳಿದಿರುವುದಿಲ್ಲ.

ಸರಿಯಾದ ದುರಸ್ತಿ ತಳದಿಂದ ಶುರುವಾಗುತ್ತದೆ. ಹೊದಿಕೆಯನ್ನು ಹರಿಯದೆ ಬಿಚ್ಚಿ ಅಳತೆಗೆ ಇಟ್ಟುಕೊಳ್ಳುತ್ತಾರೆ. ಚೌಕಟ್ಟಿನ ತುಕ್ಕು ಉಜ್ಜಿ, ಬಿಟ್ಟ ಬೆಸುಗೆ ಹಾಕಿ, ಮುರಿದ ಸುರುಳಿಗಳನ್ನು ಬದಲಿಸಿ, ಎಲ್ಲವನ್ನೂ ಒಂದಕ್ಕೊಂದು ಬಿಗಿಯುತ್ತಾರೆ. ಮೇಲೆ ಹೊಸ ಗೋಣಿತಟ್ಟು, ನಾರಿನ ಹಾಸು, ಅದರ ಮೇಲೆ ಒಂದು ಅಂಗುಲದಷ್ಟು ಗಟ್ಟಿ ಫೋಮ್. 32, 40 ಎಂದು ಅಂಗಡಿಯಲ್ಲಿ ಹೇಳುವ ಡೆನ್ಸಿಟಿ ಒಂದು ಘನ ಮೀಟರಿಗೆ ಅಷ್ಟು ಕಿಲೋ ತೂಕ ಎಂಬ ಲೆಕ್ಕ; ಕೂರುವ ಭಾಗಕ್ಕೆ 40 ಬಾಳಿಕೆ ಬರುತ್ತದೆ, ಬೆನ್ನಿಗೆ 32 ಸಾಕು. ಹಳೆಯ ಬೆಂಚಿನಲ್ಲಿ ಸೊಂಟಕ್ಕೆ ಆಸರೆ ಕಡಿಮೆ. ಬೆನ್ನಿನ ಕೆಳಭಾಗದಲ್ಲಿ ತೆಳುವಾದ ದಿಂಬನ್ನು ಒಳಗೇ ಹೊಲಿದರೆ ಹೊರಗಿನ ರೂಪ ಕೆಡದೆ ಆ ಕೊರತೆ ನೀಗುತ್ತದೆ. ಮೆತ್ತೆ ದಪ್ಪಗಾದರೆ ತಲೆ ಚಾವಣಿಗೆ ತಾಗುತ್ತದೆ, ಸ್ಟೀರಿಂಗ್ ತೊಡೆಗೆ ಒತ್ತುತ್ತದೆ. ಗಿರಾಕಿಯನ್ನು ಕೂರಿಸಿ ನೋಡಿದ ನಂತರವೇ ಹೊದಿಕೆ ಮುಚ್ಚುವ ಕೆಲಸಗಾರ ಕಸುಬು ಬಲ್ಲವನು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಶ್ರೀರಂಗಪಟ್ಟಣ ತಾಲ್ಲೂಕಿನ ನಗುವನಹಳ್ಳಿ ಬಳಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಪ್ರದರ್ಶನಕ್ಕಿವೆ. ನಿಂತ ಕಾರಿಗೆ ಸೀಟಿನ ರೂಪ ಮುಖ್ಯ, ಓಡುವ ಕಾರಿಗೆ ಸೊಂಟ ಮುಖ್ಯ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಂಟೇಜ್ ವಿಧಿಯು 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಖಾಸಗಿ ವಾಹನಗಳಿಗೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಕೊಡುತ್ತದೆ. ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದೆಂದು ಅದು ಹೆಸರಿಸಿ ಹೇಳುತ್ತದೆ. ಸೀಟಿನ ಒಳಗೆ ತುಂಬುವುದು ನಾರೋ ಫೋಮೋ ಎಂಬುದನ್ನು ಮಾತ್ರ ಮಾಲೀಕರಿಗೂ ಕುಷನ್ ಅಂಗಡಿಯವರಿಗೂ ಬಿಟ್ಟಿದೆ.